ಬಯೋಡಾಟಾವನ್ನು ಮೊದಲು ಓದುವುದು ಕಂಪ್ಯೂಟರ್



ದಾನಿಗಳ ನೆರವಿನಿಂದ ಇಂಜಿನಿಯರಿಂಗ್ ಮುಗಿಸಿದ ಶಿರವಾಳದ ಹುಡುಗನೊಬ್ಬ ಈ ವರ್ಷ ಬೆಂಗಳೂರಿನ ಕಂಪನಿಗಳಿಗೆ ತಿಂಗಳುಗಟ್ಟಲೆ ಅರ್ಜಿ ಹಾಕಿದ. ಎಲ್ಲಿಂದಲೂ ಕರೆ ಬರಲಿಲ್ಲ. ಅವನ ತಂದೆ ನಮ್ಮ ಕಚೇರಿಗೆ ಬಂದು, "ಹೆಸರು ನೋಡೇ ಕೈಬಿಟ್ಟಾರ್ರಿ, ಸಾಹೇಬ್ರ" ಎಂದರು. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಖಾಸಗಿ ಕಂಪನಿಗಳಿಗೆ ಕಳಿಸಿ ನೋಡಿದ ಸುಖದೇವ ಥೋರಟ್ ಮತ್ತು ಪಾಲ್ ಅಟ್‌ವೆಲ್, ಮುಸ್ಲಿಂ ಹಾಗೂ ದಲಿತ ಹೆಸರುಗಳಿಗೆ ಕರೆ ಕಡಿಮೆ ಬಂದದ್ದನ್ನು 2007ರಲ್ಲಿ ಪ್ರಕಟಿಸಿದ್ದಾರೆ. ಆದರೆ ಈ ಹುಡುಗನ ಬಯೋಡಾಟಾ ತೆರೆದಾಗ ಬೇರೆಯೇ ಸಂಗತಿ ಕಂಡಿತು. ಅವನ ಹೆಸರನ್ನು ಯಾರಾದರೂ ಓದಿರುವ ಸಂಭವವೇ ಕಡಿಮೆ. ಶಹಾಪುರದ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ, ಪ್ರಿಂಟ್ ತೆಗೆದು, ಸಹಿ ಹಾಕಿ, ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಪಿಡಿಎಫ್ ಕಳಿಸಿದ್ದ. ನಮ್ಮ ಕಣ್ಣಿಗೆ ಅದು ಬಯೋಡಾಟಾ, ಕಂಪ್ಯೂಟರಿಗೆ ಬರೀ ಒಂದು ಫೋಟೋ.

ದೊಡ್ಡ ಕಂಪನಿಗಳಲ್ಲಿ ಅರ್ಜಿಯನ್ನು ಮೊದಲು ತೆಗೆದುಕೊಳ್ಳುವುದು ಎಟಿಎಸ್ ಎಂಬ ಸಾಫ್ಟ್‌ವೇರ್. ಅದು ಬಯೋಡಾಟಾದ ಅಕ್ಷರಗಳನ್ನು ಹೆಕ್ಕಿ ಹೆಸರು, ಫೋನ್, ಓದು, ಅನುಭವ, ಕೌಶಲ ಎಂದು ಬೇರೆ ಬೇರೆ ಖಾನೆಗೆ ತುಂಬುತ್ತದೆ. ಆಮೇಲೆ ಎಚ್‌ಆರ್‌ನವರು ತಮಗೆ ಬೇಕಾದ ಪದ ಹಾಕಿ ಹುಡುಕುತ್ತಾರೆ. ಖಾನೆ ಖಾಲಿ ಇದ್ದವನು ಆ ಹುಡುಕಾಟದಲ್ಲಿ ಸಿಗುವುದೇ ಇಲ್ಲ.

ಪರೀಕ್ಷೆ ಸುಲಭ, ಖರ್ಚಿಲ್ಲ. ಪಿಡಿಎಫ್ ತೆರೆದು ಅಕ್ಷರಗಳ ಮೇಲೆ ಬೆರಳು ಒತ್ತಿ ಹಿಡಿಯಿರಿ. ಎಲ್ಲವನ್ನೂ ಕಾಪಿ ಮಾಡಿ ವಾಟ್ಸಾಪಿನಲ್ಲಿ ಪೇಸ್ಟ್ ಮಾಡಿ. ಸಾಲುಗಳು ಕ್ರಮವಾಗಿ ಬಂದರೆ ಸಾಫ್ಟ್‌ವೇರೂ ಓದಬಲ್ಲದು. ಏನೂ ಬರದಿದ್ದರೆ ಅದು ಫೋಟೋ. ಓದು, ಅನುಭವ ಕಲಸಿಹೋಗಿ ಬಂದರೆ ಎರಡು ಕಾಲಂ, ಪೆಟ್ಟಿಗೆಗಳ ವಿನ್ಯಾಸವೇ ಕಾರಣ. ಒಂದೇ ಕಾಲಂನಲ್ಲಿ ಸಾದಾ ಅಕ್ಷರದಲ್ಲಿ ಬರೆಯಿರಿ. ಕೌಶಲಕ್ಕೆ ಐದರಲ್ಲಿ ನಾಲ್ಕು ನಕ್ಷತ್ರ ಹಾಕುವ ಬಣ್ಣದ ಮಾದರಿಗಳು ಚಂದ ಕಾಣುತ್ತವೆ, ಆದರೆ ನಕ್ಷತ್ರ ಎಣಿಸಿ ಯಾರೂ ಕೆಲಸ ಕೊಡುವುದಿಲ್ಲ. ಕನ್ನಡದಲ್ಲೇ ಕಳಿಸಬೇಕಾದ ಅರ್ಜಿಯಾದರೆ ಹಳೆಯ ನುಡಿ ಫಾಂಟ್ ಬೇಡ, ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ.

ಜಾಹೀರಾತಿನಲ್ಲಿ ಕೇಳಿದ ಕೌಶಲ ನಿಮಗೆ ನಿಜವಾಗಿ ಬರುತ್ತಿದ್ದರೆ, ಅದನ್ನು ಜಾಹೀರಾತಿನದೇ ಪದದಲ್ಲಿ ಬರೆಯಿರಿ. "ಕಂಪ್ಯೂಟರ್ ಜ್ಞಾನವಿದೆ" ಎಂದರೆ ಹುಡುಕುವವನಿಗೆ ಏನೂ ಸಿಗದು. ಟ್ಯಾಲಿ, ಎಕ್ಸೆಲ್, ಆಟೋಕ್ಯಾಡ್ ಎಂದು ಹೆಸರು ಹೇಳಬೇಕು. ಪಿಯುಸಿ ಎಂಬುದು ಹೊರರಾಜ್ಯದವರಿಗೆ ಗೊತ್ತಿರಲಿಕ್ಕಿಲ್ಲ, ಪಕ್ಕದಲ್ಲೇ 12ನೇ ತರಗತಿ ಎಂದು ಸೇರಿಸಿ. ತಂದೆಯ ಉದ್ಯೋಗ, ಧರ್ಮ, ಮದುವೆಯಾಗಿದೆಯೋ ಇಲ್ಲವೋ, ಇವು ಬೇಕಿಲ್ಲ. 371-ಜೆ ಪ್ರಮಾಣಪತ್ರದ ಸಂಗತಿಯೂ ಅಷ್ಟೆ. ಅದು ಸರ್ಕಾರಿ ಹುದ್ದೆಗೆ, ಖಾಸಗಿ ಕಂಪನಿಗಲ್ಲ.

ಹೆಸರಿನ ವಿಷಯ ನಮ್ಮಲ್ಲಿ ದೊಡ್ಡ ತೊಡಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಹಮದ್, ಆಧಾರ್‌ನಲ್ಲಿ ಮೊಹಮ್ಮದ್, ಬಯೋಡಾಟಾದಲ್ಲಿ ಎಂಡಿ! ಎಂಡಿ ಎಂದರೆ ವೈದ್ಯರ ಪದವಿಯೂ ಹೌದು. ಅಂಕಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಹೇಗಿದೆಯೋ ಹಾಗೆಯೇ, ಅಕ್ಷರ ಬಿಡದೆ, ಎಲ್ಲ ಕಡೆ ಬರೆಯಿರಿ. ಹೆಸರು ಮರೆಮಾಚಿ ಕರೆ ಪಡೆದರೂ ದಾಖಲೆ ಪರಿಶೀಲನೆಯ ದಿನ ಹೊರಬಂದೇ ಬರುತ್ತದೆ.

ಸಾಫ್ಟ್‌ವೇರ್ ತಾನಾಗಿಯೇ ತಿರಸ್ಕರಿಸುವುದು ಹೆಚ್ಚಾಗಿ ಅರ್ಜಿಯ ಜೊತೆ ಕೇಳುವ ಪ್ರಶ್ನೆಗಳಲ್ಲಿ: ಶೇಕಡಾವಾರು ಎಷ್ಟು, ಬಾಕಿ ವಿಷಯ ಇದೆಯೇ, ಯಾವ ವರ್ಷ ಪಾಸು. ಶೇಕಡಾ 60 ಕೇಳಿದ ಖಾನೆಯಲ್ಲಿ 7.8 ಎಂದು ಸಿಜಿಪಿಎ ತುಂಬಿದರೆ ಅದು 7.8 ಶೇಕಡಾ ಎಂದೇ ಲೆಕ್ಕ, ಅಲ್ಲಿಗೆ ಅರ್ಜಿ ಮುಗಿಯಿತು. ತಮ್ಮ ವಿಶ್ವವಿದ್ಯಾಲಯದ ಸೂತ್ರದಂತೆ ಶೇಕಡಾವಾರಿಗೆ ಬದಲಿಸಿ ತುಂಬಬೇಕು.

ಯಂತ್ರಕ್ಕೆ ಪಕ್ಷಪಾತವಿಲ್ಲ ಎಂದು ನಾವು ಹೇಳುತ್ತಿಲ್ಲ. ಅಮೆಜಾನ್ ಕಂಪನಿ ಬಯೋಡಾಟಾಗಳಿಗೆ ಅಂಕ ಕೊಡಲು ತಯಾರಿಸುತ್ತಿದ್ದ ಸಾಫ್ಟ್‌ವೇರ್ ಹೆಣ್ಣುಮಕ್ಕಳ ಅರ್ಜಿಗಳಿಗೆ ಅಂಕ ಕಡಿಮೆ ಮಾಡುತ್ತಿದ್ದುದು, ಕಂಪನಿ ಅದನ್ನು ಕೈಬಿಟ್ಟದ್ದು 2018ರಲ್ಲಿ ಸುದ್ದಿಯಾಯಿತು. ಹಳೆಯ ಅರ್ಜಿಗಳನ್ನು ನೋಡಿ ಅದು ಕಲಿತಿತ್ತು, ಅವುಗಳಲ್ಲಿ ಹೆಚ್ಚಿನವು ಗಂಡಸರವು. ಅದನ್ನು ಸರಿಪಡಿಸುವುದು ನಮ್ಮ ಕೈಯಲ್ಲಿಲ್ಲ, ಹಾಳೆ ನಮ್ಮ ಕೈಯಲ್ಲಿದೆ. "ಎಟಿಎಸ್ ಪಾಸ್ ಗ್ಯಾರಂಟಿ" ಎಂದು ಹಣ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ಕೌಶಲದ ಪದ ತುರುಕುವ ಉಪಾಯವನ್ನೂ ಕೇಳಬೇಡಿ. ಕಾಪಿ ಮಾಡಿದೊಡನೆ ಅದು ಕಾಣುತ್ತದೆ.

ಆ ಹುಡುಗನ ಬಯೋಡಾಟಾವನ್ನು ನಮ್ಮ ಕಚೇರಿಯಲ್ಲೇ ಹೊಸದಾಗಿ ಟೈಪ್ ಮಾಡಿ ಕಳಿಸಲಾಯಿತು. ಒಂದು ಕಂಪನಿಯಿಂದ ಆನ್‌ಲೈನ್ ಪರೀಕ್ಷೆಗೆ ಕರೆ ಬಂದಿದೆ, ಫಲಿತಾಂಶ ಇನ್ನೂ ಬರಬೇಕು. ಕೊನೆಯ ವರ್ಷದಲ್ಲಿರುವ ನಮ್ಮ ವಿದ್ಯಾರ್ಥಿಗಳು, ಹುಡುಗಿಯರೂ ಸೇರಿ, ಶುಕ್ರವಾರ ಜುಮಾ ನಮಾಜಿನ ನಂತರ ಕಚೇರಿಗೆ ಬರಬಹುದು. ಬರುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ ಮತ್ತು ಅರ್ಜಿ ಹಾಕಬೇಕೆಂದಿರುವ ಒಂದು ಜಾಹೀರಾತಿನ ಪ್ರತಿ ತರಬೇಕು.