ಗ್ರಾಂಟ್ ಗ್ರೀನ್: ಉಗ್ರಾಣದಲ್ಲಿ ಉಳಿದ ಟೇಪುಗಳು

ಅಮೆರಿಕದ ಗಿಟಾರ್ ವಾದಕ ಗ್ರಾಂಟ್ ಗ್ರೀನ್ (1935–1979) ನುಡಿಸಿದ ಅತ್ಯುತ್ತಮ ಸಂಗೀತದ ದೊಡ್ಡ ಪಾಲು ಅವರು ಬದುಕಿದ್ದಷ್ಟು ಕಾಲ ಅಂಗಡಿಗೆ ಬರಲೇ ಇಲ್ಲ. ಧ್ವನಿಮುದ್ರಣ ಮುಗಿದ ಮೇಲೆ ಟೇಪುಗಳು ಬ್ಲೂ ನೋಟ್ ಕಂಪನಿಯ ಉಗ್ರಾಣ ಸೇರಿದವು. ಅಲ್ಲಿಂದ ಹೊರಬರಲು ಕೆಲವಕ್ಕೆ ಹದಿನೈದು ವರ್ಷ ಹಿಡಿಯಿತು, ಇನ್ನು ಕೆಲವಕ್ಕೆ ನಲವತ್ತು. ಅವು ಹೊರಬಂದಾಗಲೆಲ್ಲ ಗ್ರೀನ್ ಬಗ್ಗೆ ವಿಮರ್ಶಕರು ಹೇಳಿಟ್ಟಿದ್ದ ಮಾತು ಬದಲಾಗಬೇಕಾಯಿತು.

ಗ್ರೀನ್ ಹುಟ್ಟಿದ್ದು ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದಲ್ಲಿ. ಸ್ಯಾಕ್ಸೊಫೋನ್ ವಾದಕ ಲೂ ಡೊನಾಲ್ಡ್‌ಸನ್ ಅಲ್ಲಿ ಅವರ ವಾದನ ಕೇಳಿ ಮೆಚ್ಚಿ, ನ್ಯೂಯಾರ್ಕಿನಲ್ಲಿ ಬ್ಲೂ ನೋಟ್ ನಡೆಸುತ್ತಿದ್ದ ಆಲ್ಫ್ರೆಡ್ ಲಯನ್ ಅವರಿಗೆ ಪರಿಚಯಿಸಿದರು. ಗ್ರೀನ್ ಗಿಟಾರಿನಲ್ಲಿ ಹಲವು ತಂತಿಗಳನ್ನು ಒಟ್ಟಿಗೆ ಮೀಟುವುದು ಅಪರೂಪ. ಒಂದೊಂದೇ ಸ್ವರವನ್ನು ಬಿಡಿಸಿ, ಸ್ಯಾಕ್ಸೊಫೋನ್ ಊದುವವರು ಉಸಿರು ತೆಗೆದುಕೊಳ್ಳುವಂತೆ ನಡುವೆ ಬಿಡುವು ಕೊಟ್ಟು ನುಡಿಸುತ್ತಿದ್ದರು. ಅವರು ಗಿಟಾರಿಗರಿಗಿಂತ ಹೆಚ್ಚಾಗಿ ಚಾರ್ಲಿ ಪಾರ್ಕರ್ ಅವರಂಥ ಸ್ಯಾಕ್ಸೊಫೋನ್ ವಾದಕರಿಂದ ಕಲಿತವರು.

ಅವರ ಹೆಸರು ಅಂಟಿಕೊಂಡಿದ್ದು ಸೋಲ್ ಜಾಝ್ ಎಂಬ ಶೈಲಿಗೆ. ಕಪ್ಪು ಜನರ ಚರ್ಚುಗಳ ಭಜನೆಯ ಭಾವ, ಬ್ಲೂಸ್‌ನ ಹದ, ಕಾಲು ತಾಳ ಹಾಕುವಂಥ ಲಯ ಇವೆಲ್ಲ ಜಾಝ್‌ನೊಳಗೆ ಬೆರೆತಾಗ ಹುಟ್ಟಿದ ಬಗೆ ಇದು. ಇದರ ಮುಖ್ಯ ವಾದ್ಯ ಹ್ಯಾಮಂಡ್ ಆರ್ಗನ್. ಕೈಯಲ್ಲಿ ರಾಗ, ಕಾಲಿನಲ್ಲಿ ಮಂದ್ರ ಸ್ವರ ನುಡಿಸಬಹುದಾದ್ದರಿಂದ ಆರ್ಗನ್, ಗಿಟಾರ್, ಡ್ರಮ್ಸ್ ಸೇರಿದರೆ ತಂಡ ಪೂರ್ತಿಯಾಗುತ್ತಿತ್ತು. ಕಪ್ಪು ಜನರ ಬಡಾವಣೆಗಳ ಬಾರುಗಳಲ್ಲಿ ಕಾಸು ಹಾಕಿ ಹಾಡು ಕೇಳುವ ಜ್ಯೂಕ್‌ಬಾಕ್ಸ್‌ಗಳಿಗೆ ಈ ಸಂಗೀತ ಹೇಳಿ ಮಾಡಿಸಿದಂತಿತ್ತು.

ಬ್ಲೂ ನೋಟ್‌ಗಾಗಿ ಗ್ರೀನ್ ತಮ್ಮದೇ ನಾಯಕತ್ವದಲ್ಲಿ ಮೊದಲು ನುಡಿಸಿದ್ದು 1960ರ ನವೆಂಬರ್‌ನಲ್ಲಿ, ಪಿಯಾನೋ ವಾದಕ ವಿಂಟನ್ ಕೆಲ್ಲಿ ಜತೆಗೆ. ಆ ಟೇಪನ್ನು ಲಯನ್ ಬದಿಗಿಟ್ಟರು. ಅದು ‘ಫಸ್ಟ್ ಸೆಷನ್’ ಎಂಬ ಹೆಸರಿನಲ್ಲಿ ಹೊರಬಂದಾಗ 2001 ಆಗಿತ್ತು. ಕೇಳುಗರಿಗೆ ಮೊದಲು ಸಿಕ್ಕಿದ್ದು 1961ರ ‘ಗ್ರಾಂಟ್ಸ್ ಫಸ್ಟ್ ಸ್ಟ್ಯಾಂಡ್’, ಅಂದರೆ ಆರ್ಗನ್ ತಂಡದ ಮುದ್ರಿಕೆ. ಗ್ರೀನ್ ಎಂದರೆ ಆರ್ಗನ್ ಜತೆ ಬ್ಲೂಸ್ ನುಡಿಸುವ ಸರಳ ವಾದಕ ಎಂಬ ಅಭಿಪ್ರಾಯಕ್ಕೆ ಅಲ್ಲೇ ಬೇರು ಸಿಕ್ಕಿತು.

ಉಗ್ರಾಣದಲ್ಲಿದ್ದ ಟೇಪುಗಳು ಬೇರೆಯೇ ಮಾತು ಹೇಳುತ್ತಿದ್ದವು. 1961ರ ಡಿಸೆಂಬರ್ 23ರಿಂದ 1962ರ ಜನವರಿ 31ರವರೆಗೆ, ನಲವತ್ತು ದಿನಗಳೊಳಗೆ, ಪಿಯಾನೋ ವಾದಕ ಸಾನಿ ಕ್ಲಾರ್ಕ್ ಜತೆ ಗ್ರೀನ್ ಮೂರು ಬಾರಿ ಧ್ವನಿಮುದ್ರಣಕ್ಕೆ ಕುಳಿತರು. ಇಲ್ಲಿ ಆರ್ಗನ್ ಇಲ್ಲ. ಪಿಯಾನೋ, ಬಾಸ್, ಡ್ರಮ್ಸ್ ಮಾತ್ರ. ಕ್ಲಾರ್ಕ್ ಹೆಚ್ಚು ನುಡಿಸದೆ, ಬೇಕಾದಲ್ಲಿ ಮಾತ್ರ ಕೈಯಿಟ್ಟು, ಗಿಟಾರಿಗೆ ಜಾಗ ಬಿಡುತ್ತಾರೆ. ಆ ಬಿಡುವಿನಲ್ಲಿ ಗ್ರೀನ್ ಅವರ ಮನೋಧರ್ಮ ಎಷ್ಟು ದೂರ ಹೋಗಬಲ್ಲದು ಎಂಬುದು ತಿಳಿಯುತ್ತದೆ. ಎರಡನೆಯ ಬಾರಿ ಡ್ರಮ್ಸ್ ಹಿಡಿದವರು ಆರ್ಟ್ ಬ್ಲೇಕಿ. ಅಂದು ನುಡಿಸಿದ ಗರ್ಶ್‌ವಿನ್ ರಚನೆ ‘ಇಟ್ ಏಂಟ್ ನೆಸೆಸರಿಲಿ ಸೋ’ ಇಡೀ ಬ್ಲೂ ನೋಟ್ ಸಂಗ್ರಹದಲ್ಲೇ ಮೇಲಿನ ಸಾಲಿನಲ್ಲಿ ನಿಲ್ಲುವಂಥದ್ದು. ಈ ಮೂರು ಧ್ವನಿಮುದ್ರಣಗಳಲ್ಲಿ ಒಂದೂ ಆಗ ಬಿಡುಗಡೆಯಾಗಲಿಲ್ಲ. ಕ್ಲಾರ್ಕ್ ಮರುವರ್ಷದ ಜನವರಿಯಲ್ಲಿ, 31ನೆಯ ವಯಸ್ಸಿನಲ್ಲಿ ತೀರಿಕೊಂಡರು.

1964ರಲ್ಲಿ ಮತ್ತೆ ಹಾಗೆಯೇ ಆಯಿತು. ಮೇ ಮತ್ತು ಜೂನ್ ತಿಂಗಳಲ್ಲಿ ಮಾಡಿದ ‘ಮ್ಯಾಟಡೋರ್’ ಮತ್ತು ‘ಸಾಲಿಡ್’ ಎರಡರಲ್ಲೂ ಪಿಯಾನೋ ಮೆಕಾಯ್ ಟೈನರ್, ಡ್ರಮ್ಸ್ ಎಲ್ವಿನ್ ಜೋನ್ಸ್. ಇಬ್ಬರೂ ಆಗ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ತಂಡದವರು. ಸೋಲ್ ಜಾಝ್‌ನ ಸರಳ ಗಿಟಾರಿಗ ಎನಿಸಿಕೊಂಡವರು ಆ ಕಾಲದ ಅತ್ಯಂತ ಬಿರುಸಾದ ಲಯವಾದಕರ ನಡುವೆ ಎಳ್ಳಷ್ಟೂ ಅಳುಕದೆ ನುಡಿಸಿದ್ದಾರೆ. ‘ಮ್ಯಾಟಡೋರ್’ನಲ್ಲಿ ಅವರು ಎತ್ತಿಕೊಂಡ ಒಂದು ರಚನೆ ಕೋಲ್ಟ್ರೇನ್ ಹೆಸರಿನೊಂದಿಗೇ ಬೆಸೆದುಹೋಗಿದ್ದ ‘ಮೈ ಫೇವರಿಟ್ ಥಿಂಗ್ಸ್’. ಅದಕ್ಕೆ ಧೈರ್ಯ ಬೇಕಿತ್ತು.

ಇಷ್ಟು ಒಳ್ಳೆಯ ಸಂಗೀತವನ್ನು ಯಾಕೆ ಇಟ್ಟುಬಿಟ್ಟರು? ಬ್ಲೂ ನೋಟ್ ಚಿಕ್ಕ ಕಂಪನಿ. ಲಯನ್ ಬಿಡುಗಡೆ ಮಾಡಲು ಆಗುವುದಕ್ಕಿಂತ ಬಹಳ ಹೆಚ್ಚು ಧ್ವನಿಮುದ್ರಿಸುತ್ತಿದ್ದರು. ಆ ವರ್ಷಗಳಲ್ಲಿ ಗ್ರೀನ್ ಕಂಪನಿಗಾಗಿ ಸ್ಟುಡಿಯೋಗೆ ಅತಿ ಹೆಚ್ಚು ಬಾರಿ ಬಂದ ವಾದಕರಲ್ಲಿ ಒಬ್ಬರು. ಒಬ್ಬರದೇ ಎಲ್‌ಪಿಗಳನ್ನು ಸಾಲಾಗಿ ಮಾರುಕಟ್ಟೆಗೆ ಬಿಟ್ಟರೆ ಒಂದು ಇನ್ನೊಂದರ ಮಾರಾಟವನ್ನು ತಿನ್ನುತ್ತದೆ. ಗುಣದ ಕೊರತೆಯಂತೂ ಕಾರಣವಲ್ಲ. ಕೇಳಿದರೆ ಅದು ಸ್ಪಷ್ಟ. ಅಷ್ಟರಲ್ಲಿ ಕಂಪನಿ ಲಿಬರ್ಟಿ ಸಂಸ್ಥೆಗೆ ಮಾರಾಟವಾಯಿತು, 1967ರಲ್ಲಿ ಲಯನ್ ನಿವೃತ್ತರಾದರು.

ಈ ಟೇಪುಗಳನ್ನು ಬೆಳಕಿಗೆ ತಂದವರು ನಿರ್ಮಾಪಕ ಮೈಕೆಲ್ ಕಸ್ಕೂನಾ. 1970ರ ದಶಕದ ನಡುವಿನಲ್ಲಿ ಅವರಿಗೆ ಬ್ಲೂ ನೋಟ್ ಉಗ್ರಾಣ ಹೊಕ್ಕು ಹುಡುಕಲು ಅನುಮತಿ ಸಿಕ್ಕಿತು. ಟೇಪುಗಳನ್ನು ಒಂದೊಂದಾಗಿ ಕೇಳಿ, ವಾದಕರನ್ನೇ ವಿಚಾರಿಸಿ, ವಿವರ ಕೂಡಿಸಬೇಕಾದ ತಾಳ್ಮೆಯ ಕೆಲಸ ಅದು. ಒಂದು ಅನುಕೂಲವಿತ್ತು. ಬ್ಲೂ ನೋಟ್‌ನ ಧ್ವನಿ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಆ ಕಾಲದಲ್ಲಿ ವಾದ್ಯಗಳ ಧ್ವನಿಯನ್ನು ಅಲ್ಲೇ ಹದವಾಗಿ ಬೆರೆಸಿ ನೇರವಾಗಿ ಎರಡು ಟ್ರ್ಯಾಕಿನ ಟೇಪಿಗೆ ಇಳಿಸುತ್ತಿದ್ದರು. ಹಾಗಾಗಿ ಉಗ್ರಾಣದಲ್ಲಿ ಸಿಕ್ಕಿದ್ದು ಮತ್ತೆ ಜೋಡಿಸಬೇಕಾದ ಬಿಡಿಭಾಗಗಳಲ್ಲ, ಸಿದ್ಧ ಸಂಗೀತ.

1979ರಲ್ಲಿ ‘ಸಾಲಿಡ್’ ಮತ್ತು ‘ಮ್ಯಾಟಡೋರ್’, 1980ರಲ್ಲಿ ಕ್ಲಾರ್ಕ್ ಜತೆಗಿನ ಮೂರು ಮುದ್ರಿಕೆಗಳು ಹೊರಬಂದವು. ಇವುಗಳಲ್ಲಿ ಕೆಲವು ಮೊದಲು ಬಂದದ್ದು ಜಪಾನಿನಲ್ಲಿ ಮಾತ್ರ. ಬ್ಲೂ ನೋಟ್ ಸಂಗೀತವನ್ನು ಅಲ್ಲಿನ ಕೇಳುಗರು ಅಮೆರಿಕದವರಿಗಿಂತ ಹೆಚ್ಚು ಆಸ್ಥೆಯಿಂದ ಕೂಡಿಟ್ಟುಕೊಳ್ಳುತ್ತಿದ್ದರು. ಗ್ರೀನ್ ಮಾತ್ರ 1979ರ ಜನವರಿ 31ರಂದು ನ್ಯೂಯಾರ್ಕಿನಲ್ಲಿ ಹೃದಯಾಘಾತದಿಂದ ಸತ್ತಿದ್ದರು. ಅವರಿಗೆ ಆಗ 43 ವರ್ಷ.

ಸರಳ ವಾದಕ ಎಂಬ ಮಾತು ಹೀಗೆ ಬದಲಾಯಿತು. ಗ್ರೀನ್ ಬಗೆಗಿನ ಅಭಿಪ್ರಾಯದ ಎರಡನೆಯ ಬದಲಾವಣೆ ಅವರ ಫಂಕ್ ಕಾಲಕ್ಕೆ ಸಂಬಂಧಿಸಿದ್ದು. ಮಾದಕ ವ್ಯಸನದ ಕಾರಣ ಕೆಲವು ವರ್ಷ ಧ್ವನಿಮುದ್ರಣದಿಂದ ಹಿಂದೆ ಸರಿದಿದ್ದ ಗ್ರೀನ್ 1969ರಲ್ಲಿ ಮರಳಿದಾಗ ಫಂಕ್ ಗಾಯಕ ಜೇಮ್ಸ್ ಬ್ರೌನ್ ಅವರ ಹಾಡುಗಳನ್ನೂ ನುಡಿಸತೊಡಗಿದ್ದರು. ಪ್ರತಿ ಆವರ್ತದ ಮೊದಲ ಪೆಟ್ಟಿಗೆ ಒತ್ತು ಕೊಟ್ಟು ಒಂದೇ ಲಯವನ್ನು ಬಿಡದೆ ತಿರುವುವ ಫಂಕ್, ಜಾಝ್ ವಿಮರ್ಶಕರ ಕಿವಿಗೆ ಹಣದಾಸೆಯಂತೆ ಕೇಳಿಸಿತು. ಸ್ಟುಡಿಯೋ ಮುದ್ರಿಕೆಗಳಲ್ಲಿ ಆ ಟೀಕೆಗೆ ಅಲ್ಲಲ್ಲಿ ಆಧಾರವೂ ಇದೆ. ಆದರೆ ಕಛೇರಿಗಳ ಟೇಪುಗಳು ಅದನ್ನು ಸುಳ್ಳಾಗಿಸುತ್ತವೆ. ಡೆಟ್ರಾಯಿಟ್‌ನ ಕ್ಲಬ್ ಮೊಜಾಂಬಿಕ್‌ನಲ್ಲಿ 1971ರ ಜನವರಿಯಲ್ಲಿ ಬ್ಲೂ ನೋಟ್ ಧ್ವನಿಮುದ್ರಿಸಿದ ಕಛೇರಿ 2006ರಲ್ಲಿ ಬಂತು. ಅಲ್ಲಿ ಡ್ರಮ್ಸ್ ನುಡಿಸಿದವರು ಇದ್ರಿಸ್ ಮುಹಮ್ಮದ್, ಆರ್ಗನ್ ರಾನಿ ಫಾಸ್ಟರ್. ಲಯ ಗಟ್ಟಿಯಾಗಿ ನಿಂತಷ್ಟೂ ಅದರ ಮೇಲೆ ಗ್ರೀನ್ ಸ್ವತಂತ್ರರಾಗುತ್ತಾರೆ.

2018ರಲ್ಲಿ ರೆಸೊನೆನ್ಸ್ ಸಂಸ್ಥೆ ಎರಡು ಸಂಪುಟ ಹೊರತಂದಿತು. ‘ಫಂಕ್ ಇನ್ ಫ್ರಾನ್ಸ್’ನಲ್ಲಿ 1969ರ ಪ್ಯಾರಿಸ್ ಕಛೇರಿ ಮತ್ತು 1970ರ ಆಂಟೀಬ್ ಉತ್ಸವದ ಕಛೇರಿಗಳಿವೆ. ಇವು ಫ್ರಾನ್ಸಿನ ಪ್ರಸಾರ ಭಂಡಾರದಲ್ಲಿದ್ದ ಟೇಪುಗಳು. ‘ಸ್ಲಿಕ್!’ ಕೆನಡಾದ ವ್ಯಾಂಕೂವರ್‌ನ ಆಯಿಲ್ ಕ್ಯಾನ್ ಹ್ಯಾರೀಸ್ ಕ್ಲಬ್ಬಿನಲ್ಲಿ 1975ರಲ್ಲಿ ನಡೆದ ಕಛೇರಿ. ಅದರ ಕೊನೆಯಲ್ಲಿ ಬಾಬಿ ವೊಮ್ಯಾಕ್, ಸ್ಟೀವಿ ವಂಡರ್, ಓ’ಜೇಸ್ ಮುಂತಾದವರ ಹಾಡುಗಳನ್ನು ಗ್ರೀನ್ ಅರ್ಧ ಗಂಟೆಗೂ ಹೆಚ್ಚು ಹೊತ್ತು ಎಡೆಬಿಡದೆ ಕೋದು ನುಡಿಸುತ್ತಾರೆ. ಅವರ ಕೊನೆಯ ವರ್ಷಗಳ ಧ್ವನಿಮುದ್ರಣಗಳು ತೀರಾ ಕಡಿಮೆಯಾದ್ದರಿಂದ, ಆ ಕಾಲದ ಗ್ರೀನ್ ತಮ್ಮ ತಂಡದೊಂದಿಗೆ ಜನರೆದುರು ಹೇಗೆ ನುಡಿಸುತ್ತಿದ್ದರು ಎಂದು ತಿಳಿಯಲು ಈ ಟೇಪು ದೊಡ್ಡ ಆಸರೆ.