ಚೆಂಡಾಟದ ಪ್ರಿಯರಿಗೆ ಕೆಲವು ಪುಸ್ತಕಗಳು

ಕಡೂರು, ತರೀಕೆರೆ, ಅಜ್ಜಂಪುರ—ಭಾನುವಾರ ಬೆಳಗ್ಗೆ ಈ ಮೂರರಲ್ಲಿ ಯಾವ ಊರಿಗೆ ಹೋದರೂ ಶಾಲೆಯ ಬಯಲಿನಲ್ಲಿ ಕ್ರಿಕೆಟ್ಟು ನಡೆಯುತ್ತಿರುತ್ತದೆ. ಮೂರು ಕೋಲು, ಒಂದು ದಾಂಡು, ಒಂದು ರಬ್ಬರ್ ಚೆಂಡು ಸಿಕ್ಕಿದರೆ ನಮ್ಮ ಹುಡುಗರಿಗೆ ಊಟದ ನೆನಪೂ ಆಗುವುದಿಲ್ಲ. ಯಾರು ಎಷ್ಟು ಓಟ ಗಳಿಸಿದರು, ಯಾರು ಎಷ್ಟು ವಿಕೆಟ್ಟು ಪಡೆದರು ಎಂಬುದನ್ನು ಮಗ್ಗಿಯಂತೆ ಒಪ್ಪಿಸಬಲ್ಲರು; ಕನ್ನಡದ ಮೇಷ್ಟರಾದ ನಾನು ಷಟ್ಪದಿಯ ಲಕ್ಷಣ ಕೇಳಿದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅಂಥ ಹುಡುಗನೊಬ್ಬ ಒಂದು ದಿನ, "ಸಾರ್, ಆಟದ ಮೇಲೆ ಓದುವಂಥ ಪುಸ್ತಕ ಯಾವುದಾದರೂ ಇದೆಯೆ?" ಎಂದು ಕೇಳಿದ. ಅಂದು ಅವನಿಗೆ ಸರಿಯಾದ ಉತ್ತರ ಕೊಡಲಾಗಲಿಲ್ಲ. ಆ ಉತ್ತರವನ್ನು ಇಲ್ಲಿ ಹೇಳುತ್ತಿದ್ದೇನೆ. ವಾಚಕರಲ್ಲಿ ಆಟದ ಪ್ರೇಮಿಗಳು ಇದು ತಮಗೇ ಹೇಳಿದ್ದೆಂದು ತಿಳಿಯಬಹುದು.

ಆಟವನ್ನು ಕಣ್ಣಾರೆ ನೋಡಿದ್ದೇವೆ, ಬಾನುಲಿಯಲ್ಲಿ ವಿವರಣೆ ಕೇಳಿದ್ದೇವೆ. ಮತ್ತೆ ಓದುವುದೇಕೆ ಎಂದು ಕೆಲವರು ಕೇಳಬಹುದು. ನೋಡಿದಾಗ ಏನಾಯಿತೆಂಬುದು ತಿಳಿಯುತ್ತದೆ. ಆಡಿದವನು ಎಲ್ಲಿಂದ ಬಂದ, ಅವನ ಮನಸ್ಸಿನಲ್ಲಿ ಏನಿತ್ತು, ಬಯಲಿನ ಆಚೆಗೆ ಅವನನ್ನು ಜನ ಹೇಗೆ ಕಂಡರು ಎಂಬುದು ತಿಳಿಯಬೇಕಾದರೆ ಓದಬೇಕು. ಚೆಂಡಾಟವನ್ನು ಬರೆದಿಡುವ ಆಸೆಯೂ ಹೊಸದಲ್ಲ. ದಂಡಿಯ ದಶಕುಮಾರಚರಿತದಲ್ಲಿ ಕಂದುಕಾವತಿಯೆಂಬ ರಾಜಕುಮಾರಿ ಚೆಂಡಾಡುವ ವಿಸ್ತಾರವಾದ ವರ್ಣನೆಯೇ ಇದೆ.

ನಮ್ಮ ನೆರೆಯಿಂದಲೇ ಪ್ರಾರಂಭಿಸೋಣ. ಬೀರೂರಿನಲ್ಲಿ ರೈಲುದಾರಿ ಕವಲೊಡೆದು ಒಂದು ಅಜ್ಜಂಪುರದ ಕಡೆಗೂ ಇನ್ನೊಂದು ತರೀಕೆರೆಯ ಮೇಲೆ ಭದ್ರಾವತಿಗೂ ಹೋಗುತ್ತದೆಯಷ್ಟೆ. ಆ ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದವರು ಗುಂಡಪ್ಪ ವಿಶ್ವನಾಥ್. 1967ರಲ್ಲಿ ಮೈಸೂರು ತಂಡಕ್ಕಾಗಿ ಆಡಿದ ಮೊದಲ ರಣಜಿ ಪಂದ್ಯದಲ್ಲೇ 230 ಓಟ ಹೊಡೆದರು. 1969ರಲ್ಲಿ ಕಾನ್ಪುರದ ತಮ್ಮ ಮೊದಲ ಟೆಸ್ಟಿನಲ್ಲಿ ಮೊದಲ ಸರದಿಯಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಪರೀಕ್ಷೆಯಲ್ಲಿ ಒಮ್ಮೆ ತಪ್ಪಿ ಕುಗ್ಗಿದ ಹುಡುಗರಿಗೆ ನಾನು ಹೇಳುವ ಕಥೆ ಇದೇ. 1980ರಲ್ಲಿ ಮುಂಬಯಿಯ ಸುವರ್ಣ ಮಹೋತ್ಸವದ ಟೆಸ್ಟಿನಲ್ಲಿ ಅವರು ನಾಯಕರು. ತೀರ್ಪುಗಾರರು ಔಟೆಂದು ಕಳಿಸಿದ್ದ ಇಂಗ್ಲೆಂಡಿನ ಬಾಬ್ ಟೇಲರನ್ನು ಅವರು ಮತ್ತೆ ಕರೆದು ಆಡಿಸಿದರು. ಪಂದ್ಯವನ್ನು ಭಾರತ ಸೋತಿತು. ನಾಯಕನ ಹೆಸರು ಉಳಿಯಿತು. ಅವರ ಆತ್ಮಕಥೆ 'ರಿಸ್ಟ್ ಅಶ್ಯೂರ್ಡ್' 2022ರಲ್ಲಿ ಹೊರಬಂದಿತು. ಮೊದಲು ಓದಬೇಕಾದುದು ಇದನ್ನು.

ಆಟಕ್ಕೂ ಪಾಠಕ್ಕೂ ಎಣ್ಣೆ ಸೀಗೆಕಾಯಿಯ ಸಂಬಂಧವೆಂದು ನಂಬಿರುವ ತಂದೆತಾಯಿಗಳಿಗೆ ಎರಡನೆಯ ಪುಸ್ತಕವನ್ನು ಸೂಚಿಸುತ್ತೇನೆ. ಅದು ಎರಪಳ್ಳಿ ಪ್ರಸನ್ನ ಅವರ 'ಒನ್ ಮೋರ್ ಓವರ್', 1977ರದು. ಪ್ರಸನ್ನ 1962ರಲ್ಲಿ ಟೆಸ್ಟ್ ಆಟಗಾರರಾದವರು ಎಂಜಿನಿಯರಿಂಗ್ ವ್ಯಾಸಂಗಕ್ಕಾಗಿ ಹಿಂದೆ ಸರಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಐದು ವರ್ಷ ಬಿಟ್ಟರೂ ಕೈಯ ವಿದ್ಯೆ ಹೋಗಲಿಲ್ಲ. 49 ಟೆಸ್ಟುಗಳಲ್ಲಿ 189 ವಿಕೆಟ್ಟು ಪಡೆದರು.

ಮೂರನೆಯದು ರಾಮಚಂದ್ರ ಗುಹಾ ಅವರ 'ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್' (2002). ಆಟದ ಮೂಲಕ ನಮ್ಮ ಸಮಾಜದ ಚರಿತ್ರೆ ಹೇಳುವ ಗ್ರಂಥವಿದು. ಇದರ ನಾಯಕನೆನ್ನಬಹುದಾದ ಪಾಲ್ವಂಕರ್ ಬಾಲೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಅಸ್ಪೃಶ್ಯರೆನಿಸಿಕೊಂಡ ಕುಲದಲ್ಲಿ. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ಮೈದಾನದ ಕೆಲಸ ಮಾಡುತ್ತ, ಅಲ್ಲಿಯ ದಾಂಡಿಗರಿಗೆ ಚೆಂಡೆಸೆಯುತ್ತ ಎಡಗೈ ಸ್ಪಿನ್ನಿನಲ್ಲಿ ಪಳಗಿದರು. ಮುಂದೆ ಹಿಂದೂ ತಂಡದವರೇ ಆಡಲು ಕರೆದರು. ಆದರೆ ವಿರಾಮದಲ್ಲಿ ಉಳಿದವರು ಒಳಗೆ ಕುಳಿತು ಪಿಂಗಾಣಿ ಬಟ್ಟಲಿನಲ್ಲಿ ಚಹ ಕುಡಿದರೆ ಇವರಿಗೆ ಹೊರಗೆ ಮಣ್ಣಿನ ಕುಡಿಕೆ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತದ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ಟು ಪಡೆದವರು ಈ ಬಾಲೂ. ಹಿಂದೂ ತಂಡದ ನಾಯಕಪಟ್ಟ ಅವರಿಗೆ ದೊರೆಯಲಿಲ್ಲ. 1923ರಲ್ಲಿ ಅವರ ತಮ್ಮ ವಿಠಲನಿಗೆ ದೊರೆಯಿತು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಹುಡುಗನಾಗಿದ್ದಾಗ ನಮ್ಮ ಜೊತೆ ಒಬ್ಬ ಆಡುತ್ತಿದ್ದ. ನಮ್ಮೆಲ್ಲರಿಗಿಂತ ವೇಗವಾಗಿ ಚೆಂಡೆಸೆಯುತ್ತಿದ್ದ. ಆಟ ಮುಗಿದು ನೀರು ಕುಡಿಯುವಾಗ ನಾವೆಲ್ಲ ಒಂದೇ ಚೊಂಬಿನಲ್ಲಿ ಕುಡಿದರೆ ಅವನು ಬೊಗಸೆಯೊಡ್ಡಿ ದೂರ ಕೂರುತ್ತಿದ್ದ. ನಾವು ಮೇಲಿನಿಂದ ಸುರಿಯುತ್ತಿದ್ದೆವು. ಅವನೂ ಏನೂ ಹೇಳಲಿಲ್ಲ, ನಾನೂ ಏನೂ ಕೇಳಲಿಲ್ಲ. ಅವನು ಪಡೆದ ವಿಕೆಟ್ಟುಗಳು ನನಗೆ ನೆನಪಿದ್ದವು. ಆ ಬೊಗಸೆಯನ್ನು ನೆನಪಿಗೆ ತಂದದ್ದು ಈ ಪುಸ್ತಕ.

ಈ ಪಾಡು ನಮ್ಮ ದೇಶದ್ದು ಮಾತ್ರವಲ್ಲ. ಟ್ರಿನಿಡಾಡಿನ ಸಿ. ಎಲ್. ಆರ್. ಜೇಮ್ಸ್ ಅವರ 'ಬಿಯಾಂಡ್ ಎ ಬೌಂಡರಿ' (1963) ನೋಡಿ. ಅವರ ಬಾಲ್ಯದ ಮನೆಯ ಕಿಟಕಿ ಆಟದ ಬಯಲಿಗೇ ತೆರೆದಿತ್ತು. ಕುರ್ಚಿಯ ಮೇಲೆ ನಿಂತು ಆಟ ನೋಡುತ್ತಿದ್ದ ಹುಡುಗ ಅದೇ ಮನೆಯಲ್ಲಿ ಪುಸ್ತಕದ ರುಚಿಯನ್ನೂ ಕಂಡುಕೊಂಡ. ವೆಸ್ಟ್ ಇಂಡೀಸ್ ತಂಡಕ್ಕೆ ಕರಿಯ ಆಟಗಾರ ಫ್ರಾಂಕ್ ವೊರೆಲ್ ನಾಯಕರಾಗಬೇಕೆಂದು ಪತ್ರಿಕೆಯಲ್ಲಿ ವಾದಿಸಿದವರು ಈ ಜೇಮ್ಸ್. ಅಮೆರಿಕದವರು ಕ್ರಿಕೆಟ್ಟಿನ ಬದಲು ಬೇಸ್‌ಬಾಲ್ ಆಡುತ್ತಾರೆ. ಅದೂ ದಾಂಡು-ಚೆಂಡಿನ ಆಟವೇ. ಆ ದೊಡ್ಡ ತಂಡಗಳ ಬಾಗಿಲು ಬಹುಕಾಲ ಕರಿಯರಿಗೆ ಮುಚ್ಚಿತ್ತು. 1947ರಲ್ಲಿ ಅದನ್ನು ತೆರೆದು ಒಳಹೊಕ್ಕವರು ಬ್ರೂಕ್ಲಿನ್ ತಂಡದ ಜಾಕಿ ರಾಬಿನ್ಸನ್. ಆ ತಂಡದವರನ್ನು ವರ್ಷಗಳ ಮೇಲೆ ಹುಡುಕಿಕೊಂಡು ಹೋಗಿ ರೋಜರ್ ಕಾನ್ ಬರೆದ 'ದಿ ಬಾಯ್ಸ್ ಆಫ್ ಸಮ್ಮರ್' (1972), ಬೇಸ್‌ಬಾಲಿನ ನಿಯಮ ತಿಳಿಯದವರೂ ಓದಬಹುದಾದ ಪುಸ್ತಕ. ಬಾಲೂ ಅವರನ್ನು ಓದಿದವರಿಗೆ ರಾಬಿನ್ಸನ್ ಅಪರಿಚಿತರಾಗಿ ತೋರುವುದಿಲ್ಲ.

ಹೇಳಿದ ಐದೂ ಇಂಗ್ಲಿಷಿನವು; ನಮ್ಮ ಹುಡುಗರಿಗೆ ಸುಲಭವಲ್ಲ ಎಂಬುದನ್ನು ಬಲ್ಲೆ. ಆದುದರಿಂದ ವಾಚಕರಲ್ಲಿ ನನ್ನದೊಂದು ವಿನಂತಿ. ನಿಮ್ಮ ಊರಿನ ಗ್ರಂಥಾಲಯದಲ್ಲಿ ಇವುಗಳಲ್ಲಿ ಒಂದನ್ನಾದರೂ ತರಿಸಲು ಕೇಳಿ. ಇಂಗ್ಲಿಷ್ ಬಲ್ಲವರು ಓದಿ, ಒಂದೊಂದು ಅಧ್ಯಾಯವನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಳಿ. ಗಮಕಿಗಳು ಓದಿ ಅರ್ಥ ಹೇಳಿದ್ದರಿಂದಲ್ಲವೆ ಅಕ್ಷರ ಬಾರದ ನಮ್ಮ ಹಿರಿಯರಿಗೂ ಭಾರತದ ಕಥೆ ಬಾಯಿಗೆ ಬಂದದ್ದು?

ನಾನು ಶನಿವಾರದ ಕೊನೆಯ ಪಿರಿಯಡ್ಡನ್ನು ಇದಕ್ಕೆಂದು ಇಟ್ಟುಕೊಂಡಿದ್ದೇನೆ. ಬಾಲೂ ಅವರ ಕಥೆ ಹೇಳಿದ ದಿನ ತರಗತಿಯಲ್ಲಿ ಯಾರೂ ಓಟದ ಲೆಕ್ಕ ಕೇಳಲಿಲ್ಲ. ಪುಸ್ತಕ ಬೇಕೆಂದು ಕೇಳಿದ್ದ ಹುಡುಗ ಮಾತ್ರ ಎದ್ದು ನಿಂತು, "ಸಾರ್, ಅವರಿಗೆ ಒಳಗೆ ಬಂದು ಚಹ ಕುಡಿಯಿರಿ ಎಂದು ಒಬ್ಬರೂ ಹೇಳಲಿಲ್ಲವೆ?" ಎಂದ.