ಖಾಸಗಿ ಜಾಲದ ಪರಿಚಯಪತ್ರ

ಹಿಂದೆ ಪರಸ್ಥಳಕ್ಕೆ ಓದಲು ಹೊರಟ ಹುಡುಗನ ಕೈಗೆ ಮನೆಯ ಹಿರಿಯರು ಒಂದು ಪತ್ರವನ್ನು ಕೊಟ್ಟು ಕಳುಹಿಸುತ್ತಿದ್ದರು. ಹೋಗಬೇಕಾದುದು ಯಾವ ಬೀದಿ, ಯಾರ ಮನೆ, ಬಂದಿರುವಾತನು ಯಾರು ಎಂಬ ಸಂಗತಿಗಳೆಲ್ಲ ಅದರಲ್ಲಿರುತ್ತಿದ್ದವು. ಕಾಲೇಜಿನ ಖಾಸಗಿ ಜಾಲವನ್ನು ಮನೆಯಿಂದಲೇ ಸೇರಲು ಇಂದು ವಿದ್ಯಾರ್ಥಿಗೆ ದೊರೆಯುವ ವಿಪಿಎನ್ ಫೈಲು ಇಂತಹುದೇ ಒಂದು ಪರಿಚಯಪತ್ರ.

ವಿಪಿಎನ್ ಎಂದರೇನು? ಅಂತರಜಾಲವು ಎಲ್ಲರೂ ನಡೆದಾಡುವ ಹೆದ್ದಾರಿ. ಅದರ ಮೂಲಕವೇ ನಮ್ಮ ಕಂಪ್ಯೂಟರಿಗೂ ಕಾಲೇಜಿನ ಸರ್ವರಿಗೂ ನಡುವೆ ಸಾಗುವ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸಿ, ಹೊರಗಿನವರು ಓದಲಾಗದಂತೆ ಕಳುಹಿಸುವ ಏರ್ಪಾಡಿಗೆ ಈ ಹೆಸರು. ಇದನ್ನು ಸುರಂಗಕ್ಕೆ ಹೋಲಿಸುವುದು ವಾಡಿಕೆ. ಇದಕ್ಕಾಗಿ ಬಳಕೆಯಲ್ಲಿರುವ ತಂತ್ರಾಂಶಗಳಲ್ಲಿ ಜೇಮ್ಸ್ ಯೋನನ್ 2001ರಲ್ಲಿ ಹೊರತಂದ ಓಪನ್‌ವಿಪಿಎನ್ ಒಂದು. ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಅದರ ಫೈಲನ್ನು ಬರಹ ತೆರೆಯುವ ಯಾವ ಸಾಮಾನ್ಯ ತಂತ್ರಾಂಶದಿಂದಲಾದರೂ ಓದಬಹುದು. ಸರ್ವರಿನ ಹೆಸರು, ಪೋರ್ಟ್ ಸಂಖ್ಯೆ, ಮಾಹಿತಿಯು ಯುಡಿಪಿ ಕ್ರಮದಲ್ಲಿ ಸಾಗಬೇಕೋ ಟಿಸಿಪಿ ಕ್ರಮದಲ್ಲಿಯೋ ಎಂಬ ಸೂಚನೆ ಇವು ಅದರಲ್ಲಿರುತ್ತವೆ. ವಾಡಿಕೆಯ ಪೋರ್ಟ್ 1194. ಸಾಮಾನ್ಯವಾಗಿ ಇವುಗಳ ಕೆಳಗೆ ಅರ್ಥವಾಗದ ಅಕ್ಷರಗಳ ಮೂರು ಕಂತೆಗಳಿರುತ್ತವೆ: ಸರ್ವರನ್ನು ಗುರುತಿಸಲು ಬೇಕಾದ ಮೂಲ ಪ್ರಮಾಣಪತ್ರ, ವಿದ್ಯಾರ್ಥಿಯ ಪ್ರಮಾಣಪತ್ರ, ಅವನ ಗುಪ್ತ ಕೀಲಿ. ಈ ಕೀಲಿಯು ಸಂಪರ್ಕದ ವೇಳೆ ಸರ್ವರಿಗೆ ಹೋಗುವುದಿಲ್ಲ. ಅದರಿಂದ ಹಾಕಿದ ಸಹಿಯನ್ನು ಮಾತ್ರ ಸರ್ವರ್ ಪರೀಕ್ಷಿಸುತ್ತದೆ. ಆದುದರಿಂದ ಕೀಲಿಯು ಯಾರಲ್ಲಿದೆಯೋ ಅವನೇ ಸರ್ವರಿನ ಪಾಲಿಗೆ ಆ ವಿದ್ಯಾರ್ಥಿ. ಎಲ್ಲವನ್ನೂ ಮೊದಲೇ ತುಂಬಿಕೊಟ್ಟಿರುವುದರಿಂದ ಫೈಲನ್ನು ತಂತ್ರಾಂಶಕ್ಕೆ ಒಪ್ಪಿಸಿದರೆ ಸಾಕು. ಇದೇ ಅದರ ಸೌಕರ್ಯ, ಅಪಾಯವೂ ಇದೇ.

ಸಂಪರ್ಕ ದೊರೆಯದಿದ್ದಾಗ ಏನು ಮಾಡಬೇಕು? ತಂತ್ರಾಂಶವು ತಾನಿಟ್ಟ ಒಂದೊಂದು ಹೆಜ್ಜೆಯನ್ನೂ ಲಾಗ್ ಎಂಬ ದಾಖಲೆಯಲ್ಲಿ ಬರೆದಿಡುತ್ತದೆ. ಹೆಜ್ಜೆ ಎಲ್ಲಿ ನಿಂತಿತೆಂಬುದನ್ನು ಮೊದಲು ನೋಡತಕ್ಕುದು. ಸರ್ವರಿನ ಹೆಸರಿಗೆ ವಿಳಾಸ ಸಿಗಲಿಲ್ಲವೆಂದಿದ್ದರೆ ಹೆಸರು ತಪ್ಪಿರಬೇಕು, ಇಲ್ಲವೆ ಅಂತರಜಾಲದ ಸಂಪರ್ಕದಲ್ಲಿಯೇ ತೊಡಕಿರಬೇಕು. 60 ಸೆಕೆಂಡುಗಳೊಳಗೆ ಕೀಲಿಗಳ ಒಪ್ಪಂದ ಆಗಲಿಲ್ಲವೆಂದಿದ್ದರೆ, ಬಹುಮಟ್ಟಿಗೆ, ದಾರಿಯ ಫೈರ್‌ವಾಲ್ ಆ ಪೋರ್ಟನ್ನು ತಡೆದಿರುತ್ತದೆ ಅಥವಾ ಸರ್ವರೇ ನಿಂತಿರುತ್ತದೆ. ಪ್ರಮಾಣಪತ್ರವು ಇನ್ನೂ ಜಾರಿಗೆ ಬಂದಿಲ್ಲವೆಂದಿದ್ದರೆ ಗಡಿಯಾರವನ್ನು ನೋಡಬೇಕು. ಪ್ರಮಾಣಪತ್ರಕ್ಕೆ ಆರಂಭದ ದಿನವೂ ಮುಕ್ತಾಯದ ದಿನವೂ ಉಂಟು. ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಮುಗಿದುಹೋದ ಕಂಪ್ಯೂಟರಿನ ಗಡಿಯಾರವು ಹಲವು ವರ್ಷ ಹಿಂದಕ್ಕೆ ಸರಿಯಬಹುದು. ಆಗ ಸರ್ವರಿನ ಪ್ರಮಾಣಪತ್ರವು ಅದಕ್ಕೆ ಭವಿಷ್ಯದ್ದಾಗಿ ತೋರುತ್ತದೆ. ಗಡಿಯಾರವನ್ನು ಸರಿಪಡಿಸುವ ಬದಲು ಪರೀಕ್ಷೆಯನ್ನೇ ತೆಗೆದುಹಾಕುವವರುಂಟು. ತಕ್ಕಡಿ ತಪ್ಪಿತೆಂದು ತೂಗುವುದನ್ನೇ ಬಿಟ್ಟಂತಾಯಿತು ಇದು.

ಲಾಗಿನಿಂದ ಒಮ್ಮೆಗೇ ಹೊಳೆಯದ ದೋಷವೂ ಒಂದುಂಟು. ಪ್ರಾಜೆಕ್ಟ್ ವರದಿಯನ್ನು ಒಪ್ಪಿಸುವ ಹಿಂದಿನ ರಾತ್ರಿ ನಮ್ಮ ವಿದ್ಯಾರ್ಥಿಯೊಬ್ಬನು ಗಾಬರಿಯಿಂದ ಫೋನು ಮಾಡಿದನು. ಅವನಿಗೆ ಬೇಕಾದ ಲೇಖನಗಳು ಗ್ರಂಥಾಲಯದ ಜಾಲದಲ್ಲಿದ್ದವು. ಸಂಪರ್ಕ ದೊರೆಯುವುದು, ಸ್ವಲ್ಪ ಹೊತ್ತಿನಲ್ಲಿ ಕಡಿಯುವುದು, ಮತ್ತೆ ದೊರೆಯುವುದು! ಹೆಸರು, ಪೋರ್ಟ್, ಗಡಿಯಾರ ಎಲ್ಲವೂ ಸರಿಯಾಗಿದ್ದವು. ಬಹಳ ಹೊತ್ತು ಹುಡುಕಿದ ಮೇಲೆ, “ಫೈಲನ್ನು ಬೇರೆ ಯಾರಿಗಾದರೂ ಕೊಟ್ಟಿದ್ದೀಯಾ?” ಎಂದು ಕೇಳಿದೆವು. “ಗೆಳೆಯನಿಗೆ ಒಂದು ಪ್ರತಿ ಕೊಟ್ಟಿದ್ದೇನೆ ಸಾರ್” ಎಂದನು.

ಬೇರೆ ಆಜ್ಞೆಯಿಲ್ಲದಿದ್ದರೆ, ಒಂದೇ ಹೆಸರಿನ ಪ್ರಮಾಣಪತ್ರವನ್ನು ಹಿಡಿದು ಇನ್ನೊಬ್ಬನು ಬಂದೊಡನೆ ಓಪನ್‌ವಿಪಿಎನ್ ಸರ್ವರ್ ಮೊದಲಿನವನನ್ನು ಹೊರಹಾಕುತ್ತದೆ. ಹೊರಬಿದ್ದವನ ಕಂಪ್ಯೂಟರು ತಾನಾಗಿಯೇ ಮರಳಿ ಬಂದು ಇನ್ನೊಬ್ಬನನ್ನು ತಳ್ಳುತ್ತದೆ. ಇಬ್ಬರು ಗೆಳೆಯರೂ ಇಡೀ ಸಂಜೆ ತಮಗರಿವಿಲ್ಲದೆ ಒಬ್ಬರನ್ನೊಬ್ಬರು ದೂಡುತ್ತಿದ್ದರು!

ಗೆಳೆಯನು ಸಂಪರ್ಕವನ್ನು ಬಿಟ್ಟ ಮೇಲೆ ವರದಿ ಮುಗಿಯಿತು. ಮರುದಿನ ಆ ಪ್ರಮಾಣಪತ್ರವನ್ನು ರದ್ದುಪಡಿಸಿ, ಇಬ್ಬರಿಗೂ ಬೇರೆ ಬೇರೆ ಫೈಲುಗಳನ್ನು ಕೊಡಿಸಿದೆವು. ಒಮ್ಮೆ ಕೈದಾಟಿದ ಗುಪ್ತ ಕೀಲಿಯ ಪ್ರತಿಗಳು ಎಷ್ಟಿವೆಯೆಂದು ಯಾರೂ ಹೇಳಲಾರರು. ಅವುಗಳಿಂದ ನಡೆದ ಪ್ರತಿಯೊಂದು ಕಾರ್ಯವೂ ಕೀಲಿಯ ಒಡೆಯನ ಹೆಸರಿನಲ್ಲಿಯೇ ದಾಖಲಾಗುತ್ತದೆ. ಗೆಳೆಯನಿಗೆ ಸಹಾಯ ಮಾಡಲು ಬಯಸುವ ವಿದ್ಯಾರ್ಥಿಯು, ಅವನ ಹೆಸರಿಗೇ ಒಂದು ಫೈಲನ್ನು ಕೇಳಿ ಕೊಡಿಸುವುದು ಲೇಸು.